ಮೊನ್ನೆ ಸರಿಯಿದ್ದರು, ಇವತ್ತು ಹೀಗೆ

ಕೇಳುಗರಿಗೆ ನಮಸ್ಕಾರ.

ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ ಇರುವವರು ಆಸ್ಪತ್ರೆಯಿಂದ ಮನೆಗೆ ಬಂದ ತಿಂಗಳೊಳಗೆ ಮತ್ತೆ ವಾರ್ಡು ಸೇರುವುದು ಅಪರೂಪವಲ್ಲ. ಆದರೆ ಹಾಗೆ ಸೇರಿಸುವುದು ಮರೆವು ಹೆಚ್ಚಿತು ಅಂತಲ್ಲ. ಮೂತ್ರದ ಸೋಂಕು, ನ್ಯುಮೋನಿಯಾ, ಬಿದ್ದು ಸೊಂಟದ ಮೂಳೆ ಮುರಿಯುವುದು, ಮೈಯಲ್ಲಿ ನೀರು ಕಡಿಮೆಯಾಗುವುದು, ಹೆಚ್ಚಾಗಿ ಇಂಥವೇ ಕಾರಣ. ಇವುಗಳಲ್ಲಿ ಹಲವನ್ನು ಮನೆಯಲ್ಲೇ ಬೇಗ ಗುರುತಿಸಬಹುದು. ಅದಕ್ಕೆ ಅಡ್ಡ ಬರುವುದು ಒಂದೇ ಮಾತು: ‘ಕಾಯಿಲೆ ಜಾಸ್ತಿಯಾಗಿದೆ, ಇನ್ನೇನು ಮಾಡೋಕಾಗುತ್ತೆ!’

ಅಲ್ಜೈಮರ್ ಬಗೆಯ ಮರೆವು ಏರುವುದು ತಿಂಗಳು, ವರ್ಷಗಳ ಲೆಕ್ಕದಲ್ಲಿ. ಮೊನ್ನೆ ತಾವೇ ಊಟ ಮಾಡಿದವರು ಇವತ್ತು ತುತ್ತು ಬಾಯಲ್ಲಿಟ್ಟುಕೊಂಡು ಕೂತರೆ ಅದು ಬೇರೆಯೇ ವಿಷಯ. ಹಿಂದಿನವರು ಇದನ್ನು ಸನ್ನಿ ಎನ್ನುತ್ತಿದ್ದರು, ವೈದ್ಯರು ಡೆಲಿರಿಯಂ ಎನ್ನುತ್ತಾರೆ. ಬೆಳಿಗ್ಗೆ ಸರಿಯಿದ್ದು ಸಂಜೆಗೆ ಕೆಡುತ್ತದೆ, ಮಾತಿನ ನಡುವೆಯೇ ಗಮನ ಜಾರುತ್ತದೆ. ಕೂಗಾಡುವ ಸನ್ನಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಮಂಪರಿನಲ್ಲಿ ಸುಮ್ಮನೆ ಮಲಗಿಸುವ ಸನ್ನಿ ಮಾತ್ರ ಯಾರಿಗೂ ಕಾಣುವುದಿಲ್ಲ, ‘ಪಾಪ, ಇವತ್ತು ಒಳ್ಳೆ ನಿದ್ದೆ’ ಅಂತ ಮನೆಯವರಿಗೆ ಸಮಾಧಾನವೇ ಆಗುತ್ತದೆ. ಸೋಂಕಿದ್ದೂ ವಯಸ್ಸಾದವರಿಗೆ ಜ್ವರ ಬಾರದೇ ಇರಬಹುದು. ಹಾಗಾಗಿ ಥರ್ಮಾಮೀಟರ್ ನೋಡಿ ಸುಮ್ಮನಾಗಬೇಡಿ, ಅದೇ ದಿನ ವೈದ್ಯರಿಗೆ ತಿಳಿಸಿ. ಬಾಯಿ ಸೊಟ್ಟಗಾಗಿದ್ದರೆ, ಒಂದು ಕೈ ಸೋತಿದ್ದರೆ, ಮಾತು ತೊದಲುತ್ತಿದ್ದರೆ ಅದು ಪಾರ್ಶ್ವವಾಯು ಇರಬಹುದು, ಫೋನಿನಲ್ಲಿ ಹೊತ್ತು ಕಳೆಯದೆ ನೇರ ಆಸ್ಪತ್ರೆಗೆ ಹೊರಡಿ.

ಮಲಬದ್ಧತೆಯನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಮೂರು ದಿನ ಮಲ ಹೋಗದಿದ್ದರೆ ಅಷ್ಟರಿಂದಲೇ ಸನ್ನಿ ಬರಬಹುದು, ಮೂತ್ರವೂ ಕಟ್ಟಬಹುದು. ‘ನೋವಿದೆಯಾ?’ ಎಂದು ಕೇಳಿದರೆ ನೋವಿದ್ದೂ ಇಲ್ಲ ಎನ್ನಬಹುದು. ಮಗ್ಗುಲು ತಿರುಗಿಸುವಾಗ ಮುಖ ಹಿಂಡುತ್ತಾರಾ, ಕೈ ತಳ್ಳುತ್ತಾರಾ ನೋಡಿ.

ಇನ್ನು ಔಷಧಿ. ಎಡವಟ್ಟು ಆಗುವುದು ಹೆಚ್ಚಾಗಿ ಇಲ್ಲೇ. ಡಿಸ್ಚಾರ್ಜ್ ಚೀಟಿಯಲ್ಲಿ ಹೊಸ ಹೆಸರಿನ ಮಾತ್ರೆ ಇರುತ್ತದೆ, ಮನೆಯ ಡಬ್ಬಿಯಲ್ಲಿ ಅದೇ ಔಷಧಿ ಬೇರೆ ಕಂಪನಿಯ ಹೆಸರಲ್ಲಿ ಇರುತ್ತದೆ, ಎರಡೂ ಹೊಟ್ಟೆಗೆ ಹೋಗುತ್ತವೆ. ಬಿಡುಗಡೆಯ ದಿನ ಹಳೆಯ ಡಬ್ಬಿಯನ್ನೇ ಒಯ್ದು ಒಂದೊಂದನ್ನೂ ತೋರಿಸಿ: ಯಾವುದು ಮುಂದುವರಿಯಬೇಕು, ಯಾವುದು ನಿಲ್ಲಬೇಕು? ನಿಂತದ್ದನ್ನು ಡಬ್ಬಿಯಿಂದಲೇ ತೆಗೆದುಬಿಡಿ. ನೆಗಡಿಗೆಂದು ಅಂಗಡಿಯಲ್ಲಿ ಸಿಗುವ ಕ್ಲೋರ್‌ಫೆನಿರಮಿನ್‌ನಂಥ ಮಾತ್ರೆಗಳು ಮರೆವಿರುವವರ ಗೊಂದಲ ಹೆಚ್ಚಿಸುತ್ತವೆ, ಮೂತ್ರ ಕಟ್ಟಿಸುತ್ತವೆ. ನಿದ್ದೆ ಮಾತ್ರೆಯಿಂದ ರಾತ್ರಿ ಎದ್ದಾಗ ಕಾಲು ತಡವರಿಸುತ್ತದೆ. ಮರೆವಿಗೇ ಕೊಡುವ ಡೊನೆಪೆಜಿಲ್ ಕೂಡ ಕೆಲವರಲ್ಲಿ ನಾಡಿ ನಿಧಾನವಾಗಿಸಿ ತಲೆಸುತ್ತಿ ಬೀಳಿಸುತ್ತದೆ. ಲೂಯಿ ಬಾಡಿ ಬಗೆಯ ಡಿಮೆನ್ಷಿಯಾ ಎಂದು ಗೊತ್ತಾಗಿದ್ದರೆ ದಾಖಲು ಮಾಡುವಾಗಲೇ ಹೇಳಿ. ಕೂಗಾಟ ತಗ್ಗಿಸಲು ಕೊಡುವ ಹ್ಯಾಲೊಪೆರಿಡಾಲ್ ಅವರಿಗೆ ಜೀವಕ್ಕೇ ಅಪಾಯ ತರಬಹುದು.

ನುಂಗುವ ಶಕ್ತಿ ಕುಂದಿದವರಿಗೆ ಮಲಗಿಸಿ ಉಣಿಸಿದರೆ ಅನ್ನ, ನೀರು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಬೆನ್ನು ನೆಟ್ಟಗೆ, ಗದ್ದ ತುಸು ಕೆಳಗೆ, ಒಂದು ಸಣ್ಣ ಚಮಚ, ಅದು ಇಳಿದ ಮೇಲೆ ಇನ್ನೊಂದು. ಊಟವಾಗಿ 30 ನಿಮಿಷ ಕೂತೇ ಇರಲಿ. ದಿನಕ್ಕೆರಡು ಸಲ ಬಾಯಿ, ಹಲ್ಲು ಶುಚಿ ಮಾಡಿ. ಹಲ್ಲಿನ ಕೊಳೆಯಲ್ಲಿರುವ ಸೂಕ್ಷ್ಮಾಣುಗಳೇ ಪುಪ್ಪುಸಕ್ಕೆ ಇಳಿಯುವುದು. ಕೊನೆಯ ಹಂತದಲ್ಲಿ ಉಣಿಸಲು ಮೂಗಿನ ನಳಿಗೆ ಹಾಕಿದರೆ ಈ ಭಯ ತಪ್ಪುತ್ತದೆ ಎಂಬ ನಂಬಿಕೆ ಇದೆ, ತಪ್ಪುವುದಿಲ್ಲ.

ವಾರ್ಡಿನಲ್ಲಿದ್ದಾಗ ಕನ್ನಡಕ, ಕಿವಿಯ ಯಂತ್ರ ಜೊತೆಗಿರಲಿ. ಮೂತ್ರದ ನಳಿಗೆ ಹಾಕಿದ್ದರೆ ‘ಇದು ಇವತ್ತೂ ಬೇಕಾ?’ ಎಂದು ದಿನವೂ ಕೇಳಿ, ಸಂಕೋಚ ಬೇಡ. ಅದು ಇದ್ದಷ್ಟೂ ದಿನ ಸೋಂಕಿನ ದಾರಿ ತೆರೆದಿರುತ್ತದೆ.

ಮನೆಗೆ ಬಂದ ಮೇಲೆ ಎರಡು ವಾರ ಒಂದು ನೋಟ್‌ಪುಸ್ತಕ ಇಡಿ. ಎಷ್ಟು ಲೋಟ ಕುಡಿದರು, ಮಲ ಯಾವತ್ತು ಹೋಯಿತು, ರಾತ್ರಿ ಎಷ್ಟು ಸಲ ಎದ್ದರು, ಎಷ್ಟು ಹೆಜ್ಜೆ ನಡೆದರು. ವೈದ್ಯರು ಫೋನಿನಲ್ಲಿ ಮೊದಲು ಕೇಳುವುದು ‘ಯಾವತ್ತಿಂದ ಹೀಗೆ?’ ಅಂತ. ಪುಸ್ತಕ ತೆರೆದು ಓದಿ ಹೇಳಿ.

ನಮಸ್ಕಾರ.