ಕಲ್ಲೊಳಗಿನ ಎಣ್ಣೆಗೆ ಏಳು ಲಕ್ಷ ಪ್ರೊಸೆಸರ್

[ದೃಶ್ಯ: ಮರಳುಗಲ್ಲಿನ ತುಂಡಿನ ಮೇಲೆ ಒಂದು ಹನಿ ನೀರು]

ನೋಡ್ತಾ ಇರಿ... ಹನಿ ಎಲ್ಲಿ ಹೋಯ್ತು? ಕಲ್ಲೇ ಕುಡಿದುಬಿಡ್ತು. ನೆಲದಡಿ ಕಚ್ಚಾ ತೈಲ ಇರೋದೂ ಹೀಗೇ. ಕೆರೆ ಥರ ನಿಂತಿರಲ್ಲ, ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ನೀರು, ಗ್ಯಾಸ್ ಜೊತೆ ಅವಿತಿರುತ್ತೆ.

ಅದು ಹೇಗೆ ಹರಿಯುತ್ತೆ ಅನ್ನೋದಕ್ಕೆ ಸೂತ್ರ ಸಿಕ್ಕಿದ್ದು 1856ರಲ್ಲಿ. ಕೊಟ್ಟವರು ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ. ತಮಾಷೆ ಅಂದ್ರೆ, ಅವರಿಗೆ ತೈಲದ ಗೊಡವೆಯೇ ಇರಲಿಲ್ಲ. ಮರಳಿನಲ್ಲಿ ನೀರು ಸೋಸಿ ಅಳೀತಿದ್ದರು: ಒತ್ತಡದ ವ್ಯತ್ಯಾಸ ದುಪ್ಪಟ್ಟಾದ್ರೆ ಹರಿವೂ ದುಪ್ಪಟ್ಟು.

[ಗ್ರಾಫಿಕ್ಸ್: ತೈಲಕ್ಷೇತ್ರ ಚೌಕಗಳಾಗಿ ಒಡೆಯುತ್ತದೆ]

ಬಾವಿ ತೆರೆದ್ರೆ ತೈಲ ಹೇಗೆ ಹರಿಯುತ್ತೆ ಅಂತ ಮೊದಲೇ ತಿಳೀಬೇಕಲ್ಲ, ಅದಕ್ಕೆ ಕಂಪ್ಯೂಟರಿನಲ್ಲಿ ಒಂದು ಮಾಡೆಲ್ ಕಟ್ಟಿ, ಇಡೀ ತೈಲಕ್ಷೇತ್ರವನ್ನ ಬ್ಲಾಕ್‌ಗಳಾಗಿ ಕತ್ತರಿಸಿ. ಪ್ರತಿ ಬ್ಲಾಕಿಗೂ ಒತ್ತಡ ಎಷ್ಟು, ತೈಲ ಎಷ್ಟು, ನೀರು ಎಷ್ಟು ಅಂತ ಲೆಕ್ಕ. ಸೌದಿ ಅರೇಬಿಯಾದ ಘವಾರ್ ತೈಲಕ್ಷೇತ್ರ ಸುಮಾರು 280 ಕಿಲೋಮೀಟರ್ ಉದ್ದ. ಬ್ಲಾಕ್ 250 ಮೀಟರಿನದಾದ್ರೆ ಒಳಗಿನ ಬಿರುಕು, ಜೇಡಿ ಪದರ ಎಲ್ಲ ಸರಾಸರಿಯಲ್ಲಿ ಅಳಿಸಿಹೋಗುತ್ತೆ. ಮೂರೂ ದಿಕ್ಕಿಗೆ ಅರ್ಧ ಮಾಡಿದ್ರೋ, ಬ್ಲಾಕ್‌ಗಳ ಸಂಖ್ಯೆ ಎಂಟು ಪಟ್ಟು!

ಹಾಗಾಗಿ ಕೆಲಸ ಹಂಚಬೇಕು: ಒಂದೊಂದು ಪ್ರೊಸೆಸರಿಗೆ ಒಂದೊಂದು ತುಂಡು. ಗಡಿಯ ಬ್ಲಾಕಿಗೆ ಪಕ್ಕದವರ ಅಂಕಿ ಬೇಕಲ್ಲ, ಅದರ ನಕಲನ್ನ ಪ್ರೊಸೆಸರ್ ತನ್ನ ಹತ್ತಿರವೇ ಇಟ್ಕೊಳ್ಳುತ್ತೆ. ಇದಕ್ಕೆ 'ಘೋಸ್ಟ್ ಸೆಲ್' ಅಂತಾರೆ. ಹೌದು, ದೆವ್ವದ ಕೋಣೆ!

[ಗ್ರಾಫಿಕ್ಸ್: ಒಂದು ಮೂಲೆಯಲ್ಲಿ ಬಾವಿ ತೆರೆಯುತ್ತದೆ, ಬಣ್ಣ ಎಲ್ಲೆಡೆ ಹರಡುತ್ತದೆ]

ಕಗ್ಗಂಟು ಇರೋದು ಇಲ್ಲಿ. ನೀರು ತೈಲವನ್ನ ತಳ್ತಾ ನಿಧಾನಕ್ಕೆ ಸಾಗುತ್ತೆ, ಅಕ್ಕಪಕ್ಕ ನೋಡಿದ್ರೆ ಸಾಕು. ಒತ್ತಡ ಹಾಗಲ್ಲ. ಈ ಮೂಲೆಯಲ್ಲಿ ಬಾವಿ ತೆರೆದ್ರೆ ಲೆಕ್ಕದಲ್ಲಿ ಆ ಮೂಲೆಗೂ ತಟ್ಟುತ್ತೆ. ಅಂದ್ರೆ ಲೆಕ್ಕದಲ್ಲಿ ಕಾಲ ಮುಂದೆ ಸಾಗೋ ಪ್ರತಿ ಹೆಜ್ಜೆಗೂ ಎಲ್ಲ ಬ್ಲಾಕ್‌ಗಳ ಒತ್ತಡವನ್ನ ಒಟ್ಟಿಗೇ ಬಿಡಿಸಬೇಕು. ಅದಕ್ಕೊಂದು ಉಪಾಯ ಮಲ್ಟಿಗ್ರಿಡ್: ಮೊದಲು ದೊಡ್ಡ ಬ್ಲಾಕ್‌ಗಳಲ್ಲಿ ಒರಟು ಉತ್ತರ, ಆಮೇಲೆ ಚಿಕ್ಕವುಗಳಲ್ಲಿ ತಿದ್ದುಪಡಿ. ಆದ್ರೆ ಒರಟು ಹಂತದಲ್ಲಿ ಬ್ಲಾಕ್‌ಗಳೇ ಕಡಿಮೆ, ಮುಕ್ಕಾಲುವಾಸಿ ಪ್ರೊಸೆಸರ್‌ಗಳು ಕೈಕಟ್ಟಿ ಕೂತಿರ್ತವೆ. ಕೆಲಸದ ಶೇ. 5ರಷ್ಟು ಹಂಚೋಕೆ ಬರದಿದ್ರೂ ಸಾಕು, ಎಷ್ಟೇ ಯಂತ್ರ ಸುರಿದ್ರೂ ವೇಗ 20 ಪಟ್ಟು ದಾಟಲ್ಲ.

ಅದಕ್ಕೇ 2017ರ ಸುದ್ದಿ ನನಗೆ ದೊಡ್ಡದು ಅನ್ನಿಸಿತ್ತು. ಎಕ್ಸಾನ್‌ಮೊಬಿಲ್ ಅನ್ನೋ ತೈಲ ಕಂಪನಿ, ಅಮೆರಿಕದ ಇಲಿನಾಯ್ಸ್‌ನಲ್ಲಿದ್ದ ಬ್ಲೂ ವಾಟರ್ಸ್ ಸೂಪರ್‌ಕಂಪ್ಯೂಟರಿನಲ್ಲಿ ಒಂದೇ ಲೆಕ್ಕಕ್ಕೆ 7,16,800 ಪ್ರೊಸೆಸರ್ ಹೂಡಿತ್ತು.

ಇಷ್ಟು ಅವಸರ ಯಾಕೆ ಅಂತೀರಾ? ಲೆಕ್ಕ ಒಂದೇ ಸಲಕ್ಕೆ ಮುಗಿಯಲ್ಲ. ತೈಲಬಾವಿಯಲ್ಲಿ ತೈಲದ ಜೊತೆ ನೀರು ನಿಜವಾಗಿ ಯಾವ ವರ್ಷ ಬಂತೋ ಮಾಡೆಲ್ಲಿನಲ್ಲೂ ಆಗಲೇ ಬರಬೇಕು. ಬರಲಿಲ್ವಾ? ಕಲ್ಲಿನೊಳಗೆ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋ ಅಂಕಿ ತಿದ್ದಿ ಮತ್ತೆ ಓಡಿಸಿ. ಒಂದು ಸಲಕ್ಕೆ ಒಂದು ದಿನ ಹಿಡಿದ್ರೆ, ನೂರು ಸಲ ತಿದ್ದೋಕೆ ಮೂರು ತಿಂಗಳ ಮೇಲಾಯ್ತು.