ಹಳೇ ಫೋರ್‌ವೀಲ್ ಜೀಪಿಗೆ ಸೆಕೆಂಡ್ ಹ್ಯಾಂಡ್ ಗೇರ್‌ಬಾಕ್ಸ್: ಹಿಂದೆ ಮುಂದೆ ನೋಡಿ ತನ್ನಿ

[ದೃಶ್ಯ: ಅಡಿಕೆ ಅಂಗಳದ ಮೂಲೆ. ಟಾರ್ಪಾಲಿನ ಕೆಳಗೆ ಗೇರ್‌ಬಾಕ್ಸಿನ ಖಾಲಿ ಚಿಪ್ಪು.]

ನಮಸ್ಕಾರ. ಇದು ನೋಡಿ, ನಮ್ಮ ಮಾವ ದುಡ್ಡು ಕೊಟ್ಟು ತಂದ ತಪ್ಪು. ಪೂರ್ತಿ ತಪ್ಪು ಅಂತಲೂ ಹೇಳುವ ಹಾಗಿಲ್ಲ, ಇದರ ಅರ್ಧ ಹೊಟ್ಟೆ ಇವತ್ತಿಗೂ ಜೀಪಿನಲ್ಲಿ ಓಡುತ್ತಾ ಇದೆ. ಆ ಕಥೆಗೆ ಆಮೇಲೆ ಬರುತ್ತೇನೆ.

ಜೀಪು ಮಹೀಂದ್ರ ಎಂಎಂ 540, 1990ರ ಗಾಡಿ. ಕಾಸರಗೋಡು ಜಿಲ್ಲೆ ಆದದ್ದು 1984ರಲ್ಲಿ, ಹಾಗಾಗಿ ನಮ್ಮ ಜೀಪು ಜಿಲ್ಲೆಗಿಂತ ಆರು ವರ್ಷ ಚಿಕ್ಕದು. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಗುಡ್ಡೆಗಳಲ್ಲಿ ಅಡಿಕೆ, ಗೊಬ್ಬರ, ಮದುವೆ ಅಡುಗೆಯ ಪಾತ್ರೆ ಎಲ್ಲ ಹೊತ್ತಿದೆ. ಒಳಗೆ ಪ್ಯೂಜೋದ 2112 ಸಿಸಿ ಡೀಸೆಲ್ ಎಂಜಿನ್. ಅದರ ಹಿಂದೆ ಕೆಎಂಟಿ-90 ಅನ್ನುವ ನಾಲ್ಕು ಗೇರಿನ ಬಾಕ್ಸ್, ಅದರ ಬೆನ್ನಿಗೆ ಅಂಟಿಕೊಂಡು ಟ್ರಾನ್ಸ್‌ಫರ್ ಕೇಸ್, ಅಂದರೆ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ. ನಿಮ್ಮದು ಬೇರೆ ಗಾಡಿ ಇರಬಹುದು, ಆದರೆ ನೋಡುವ ಕ್ರಮ ಇದೇ.

ಹುಡುಕಲು ಹೊರಡುವ ಮೊದಲು ಒಂದು ಕೆಲಸ ಮಾಡಿ. ಹೋಗಿರುವುದು ನಿಜಕ್ಕೂ ಗೇರ್‌ಬಾಕ್ಸಾ ಅಂತ ನೋಡಿಕೊಳ್ಳಿ. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು, ಕ್ಲಚ್ಚಿನಿಂದ ಕಾಲು ತೆಗೆಯಿರಿ. ಆಗ ಗರಗರ ಅಂತ ಬಂದು, ಕ್ಲಚ್ ಒತ್ತಿದ ಕೂಡಲೇ ನಿಂತರೆ ಕ್ಲಚ್ಚಿನಿಂದ ಬಾಕ್ಸಿನೊಳಗೆ ಬರುವ ಇನ್‌ಪುಟ್ ಶಾಫ್ಟಿನ ಬೇರಿಂಗ್ ಅಥವಾ ಅದರಿಂದ ತಿರುಗುವ ಕೆಳಗಿನ ಗೇರು ಸಾಲು, ಅಂದರೆ ಲೇ ಶಾಫ್ಟಿನ ಮೇಲೆ ಅನುಮಾನ. ತಿರುಗಾಮುರುಗಾ ಆದರೆ, ಅಂದರೆ ಒತ್ತಿದಾಗ ಮಾತ್ರ ಸದ್ದು ಬಂದರೆ, ಅದು ಹೆಚ್ಚಾಗಿ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ಅದಕ್ಕೆ ಬಾಕ್ಸ್ ಬದಲಿಸುವುದು ಅಂದರೆ ಇಲಿ ಬಂತು ಅಂತ ಮನೆ ಮಾರಿದ ಹಾಗೆ. ಇನ್ನೊಂದು ಗುರುತು ಇದೆ. ಒಂದು, ಎರಡು, ಮೂರರಲ್ಲಿ ಕಿರುಚಿ ನಾಲ್ಕಕ್ಕೆ ಹಾಕಿದಾಗ ಶಾಂತವಾದರೆ ಲೇ ಶಾಫ್ಟ್ ಸವೆದಿದೆ ಅಂತ ಲೆಕ್ಕ, ಯಾಕೆಂದರೆ ನಾಲ್ಕನೆಯದು ನೇರ ಗೇರ್, ಭಾರ ಲೇ ಶಾಫ್ಟಿನ ಮೂಲಕ ಹೋಗುವುದಿಲ್ಲ. ಯಾವ ಗೇರಿನಲ್ಲೂ ಒಂದೇ ಥರ, ಗಾಡಿಯ ವೇಗಕ್ಕೆ ತಕ್ಕ ಹಾಗೆ ಏರಿಳಿಯುವ ಸದ್ದಾದರೆ ಟ್ರಾನ್ಸ್‌ಫರ್ ಕೇಸಿನಿಂದ ಹಿಂದಕ್ಕೆ ಹುಡುಕಿ. ಹಳೇ ವಿಲ್ಲೀಸ್ ಜೀಪಿನ ಕಾಲದ ಸ್ಪೈಸರ್ 18 ವಂಶದ ಟ್ರಾನ್ಸ್‌ಫರ್ ಕೇಸ್ ಆದರೆ ಸ್ವಲ್ಪ ಹಾಡುವುದು ಅದರ ಹುಟ್ಟುಗುಣ. ಟೂವೀಲ್‌ನಲ್ಲಿ ಓಡಿಸುವಾಗಲೂ ಶಕ್ತಿ ನಡುವಿನ ಗೇರನ್ನು ಹಾದೇ ಹೋಗಬೇಕು. ಆ ಹಾಡಿಗೆ ಹೆದರಬೇಡಿ.

ನಮ್ಮ ಜೀಪಿನಲ್ಲಿ ಹೋದದ್ದು ಲೇ ಶಾಫ್ಟೇ. ಕಳೆದ ಆಟಿಯ ಮಳೆಯಲ್ಲಿ ಗುಡ್ಡೆ ಏರುವಾಗ ಎರಡನೇ ಗೇರಿನಲ್ಲಿ ಕಟಕ್ ಅಂತು, ಆಮೇಲೆ ಮನೆವರೆಗೆ ಬರೀ ಕಿರುಚಾಟ.

[ದೃಶ್ಯ: ಬೆಂಚಿನ ಮೇಲೆ ಎರಡು ಮೇನ್ ಶಾಫ್ಟ್, ಅಕ್ಕಪಕ್ಕ.]

ಈಗ ಮುಖ್ಯ ವಿಷಯ. ಮಾವ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ, "ಕೆಎಂಟಿ-90 ಉಂಟಾ?" ಅಂತ. ಆಚೆಯವನು "ಉಂಟು ಚೇಟ, ಸೇಮ್ ಸಾಧನಂ" ಅಂದ. ಎಲ್ಲಿಯ ಗುಜರಿ ಅಂತ ಬೇಡ ಬಿಡಿ. ಪಾರ್ಸೆಲ್ ಬಂತು, ಬಿಚ್ಚಿದೆವು, ಹೆಸರು ಸರಿ, ಗೇರು ನಾಲ್ಕು, ಸರಿ. ನಮ್ಮ ಮೆಕ್ಯಾನಿಕ್ ಇಚ್ಚ ಒಂದು ಸುತ್ತು ಹಾಕಿ ಹಿಂಬದಿ ನೋಡಿ ಸುಮ್ಮನೆ ನಕ್ಕರು. ಹಿಂದೆ ಟ್ರಾನ್ಸ್‌ಫರ್ ಕೇಸ್ ಕೂರುವ ಮುಖವೇ ಇಲ್ಲ! ಉದ್ದಕ್ಕೆ ಒಂದು ಬಾಲ, ಅದರ ತುದಿಗೆ ಚಕ್ರದ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ನೇರ ಕಟ್ಟುವ ಜಾಗ. ಟೂವೀಲ್ ಗಾಡಿಯ ಬಾಕ್ಸ್ ಅದು.

ನಮ್ಮ ಕಡೆ ಬಾಡಿಗೆಗೆ ಓಡಿದ ಜೀಪುಗಳಲ್ಲಿ ಟೂವೀಲ್‌ನವೇ ಜಾಸ್ತಿ ಅಲ್ವಾ? ಹಾಗಾಗಿ ಗುಜರಿಯಲ್ಲಿ ಸಿಗುವ ಬಾಕ್ಸೂ ಹೆಚ್ಚಾಗಿ ಅದರದ್ದೇ. ಫೋರ್‌ವೀಲ್ ಬಾಕ್ಸಿನಲ್ಲಿ ಶಕ್ತಿಯನ್ನು ಹೊರಗೆ ಒಯ್ಯುವ ಮೇನ್ ಶಾಫ್ಟಿನ ತುದಿ ಹಿಂದಕ್ಕೆ ಬಂದು ಟ್ರಾನ್ಸ್‌ಫರ್ ಕೇಸಿನ ಒಳಗೇ ಹೋಗುತ್ತದೆ, ಅಲ್ಲಿ ಅದರ ಸ್ಪ್ಲೈನ್, ಅಂದರೆ ಶಾಫ್ಟಿನ ಮೈಮೇಲಿನ ಉದ್ದುದ್ದ ಹಲ್ಲುಗಳ ಮೇಲೆ ಒಂದು ಗೇರ್ ಕೂತು ನಡುವಿನ ಗೇರನ್ನು ತಿರುಗಿಸುತ್ತದೆ. ಟೂವೀಲ್ ಬಾಕ್ಸಿನಲ್ಲಿ ಶಾಫ್ಟೇ ಬೇರೆ, ಹಿಂದಿನ ಮುಚ್ಚಳವೂ ಬೇರೆ. ಅದಕ್ಕೇ ಹೇಳುತ್ತೇನೆ, ಫೋನ್ ಮಾಡುವಾಗ ಹೆಸರು ಕೇಳಬೇಡಿ, ಹಿಂಬದಿಯ ಫೋಟೋ ಕೇಳಿ. ತುದಿಯ ಸ್ಪ್ಲೈನ್ ಹಲ್ಲು ಎಷ್ಟು, ಬೋಲ್ಟಿನ ತೂತುಗಳು ಎಲ್ಲೆಲ್ಲಿ, ಅದರಲ್ಲಿ ಕಾಣಬೇಕು. ಫೋಟೋ ಕಳಿಸಲು ಮನಸ್ಸಿಲ್ಲದವನ ಹತ್ತಿರ ನಿಮಗೂ ಕೆಲಸ ಇಲ್ಲ.

ಟ್ರಾನ್ಸ್‌ಫರ್ ಕೇಸ್ ಸಮೇತ ಸಿಕ್ಕಿದರೆ ಇನ್ನೂ ಒಳ್ಳೆಯದು. ಆದರೆ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಯಾವ ಬದಿಯಿಂದ ಹೊರಡುತ್ತದೆ ನೋಡಿ. ಸ್ಪೈಸರ್ 18ರಲ್ಲಿ ಹಿಂದಿನದು ನಡುವೆ ಇರುವುದಿಲ್ಲ, ಬಲಬದಿಗೆ ಸರಿದಿರುತ್ತದೆ, ಹಿಂದಿನ ಡಿಫರೆನ್ಶಿಯಲ್ ಕೂಡ ಹಾಗೇ ಸರಿದಿರುತ್ತದೆ. ನಡುವಿನಿಂದ ಹೊರಡುವ ಬೇರೆ ಜಾತಿಯದನ್ನು ತಂದು ಕೂರಿಸಿದರೆ ಶಾಫ್ಟ್ ಓರೆಯಾಗಿ ಎಳೆಯುತ್ತದೆ, ಜಾಯಿಂಟ್ ಬಾಳುವುದಿಲ್ಲ.

ಮುಂಬದಿಗೆ ಬನ್ನಿ. ಇಲ್ಲಿ ಇಚ್ಚ ಹೇಳಿಕೊಟ್ಟ ಉಪಾಯಕ್ಕೆ ಕ್ಯಾಲಿಪರ್ ಕೂಡ ಬೇಡ. ನಿಮ್ಮ ಗಾಡಿಯ ಹಳೇ ಕ್ಲಚ್ ಪ್ಲೇಟನ್ನು ಚೀಲದಲ್ಲಿ ಹಾಕಿಕೊಂಡು ಗುಜರಿಗೆ ಹೋಗಿ, ಇನ್‌ಪುಟ್ ಶಾಫ್ಟಿನ ಮೇಲೆ ತೂರಿಸಿ ನೋಡಿ. ಸರಾಗ ಜಾರಿದರೆ ಸ್ಪ್ಲೈನ್ ಸರಿ. ಎಂಜಿನ್ನಿನ ಬದಿಯಲ್ಲಿರುವ ಪೈಲಟ್ ಬೇರಿಂಗನ್ನೂ ಒಯ್ಯಿರಿ, ಶಾಫ್ಟಿನ ಮೂತಿ ಅದರೊಳಗೆ ಕೂರಬೇಕು. ಶಾಫ್ಟ್ ಎಷ್ಟು ಹೊರಗೆ ಚಾಚಿದೆ ಅಂತ ಮನೆಯಲ್ಲೇ ಅಳೆದು ಬರೆದಿಟ್ಟುಕೊಳ್ಳಿ, ಗಿಡ್ಡವಾದರೆ ಮೂತಿ ಬೇರಿಂಗಿಗೆ ಮುಟ್ಟುವುದಿಲ್ಲ, ಉದ್ದವಾದರೆ ಬಾಕ್ಸ್ ಎಂಜಿನ್ನಿಗೆ ಕೂಡುವುದಿಲ್ಲ. ಕ್ಲಚ್ಚನ್ನು ಮುಚ್ಚಿ ಬಾಕ್ಸನ್ನು ಎಂಜಿನ್ನಿಗೆ ಕೂಡಿಸುವ ಬೆಲ್ ಹೌಸಿಂಗ್ ಮಾತ್ರ ಎಂಜಿನ್ನಿನ ಜೋಡಿ. ಪ್ಯೂಜೋ ಎಂಜಿನ್ನಿನವರು ಡಿಐ (ಡೈರೆಕ್ಟ್ ಇಂಜೆಕ್ಷನ್) ಎಂಜಿನ್ ಗಾಡಿಯಿಂದ ಬಾಕ್ಸ್ ತಂದರೆ ಬೋಲ್ಟಿನ ತೂತು ಒಂದೊಂದಾಗಿ ಹೊಂದಿಸಿ ನೋಡದೆ ದುಡ್ಡು ಕೊಡಬೇಡಿ. ಬಿಡಿಸಲು ಬರುವ ಹಾಗಿದ್ದರೆ ನಿಮ್ಮ ಹಳೇ ಬೆಲ್ ಹೌಸಿಂಗನ್ನೇ ಉಳಿಸಿಕೊಳ್ಳಿ.

"ಐದು ಗೇರಿನದ್ದೇ ಹಾಕಿಬಿಡಿ" ಅನ್ನುವವರು ಸಿಗುತ್ತಾರೆ. ಹಾಕಬಹುದು. ಆದರೆ ಬಾಕ್ಸಿನ ಉದ್ದ ಬದಲಾದರೆ ಎರಡೂ ಪ್ರೊಪೆಲ್ಲರ್ ಶಾಫ್ಟ್, ಕೆಳಗಿನ ಅಡ್ಡಪಟ್ಟಿ, ಗೇರ್ ಲಿವರಿನ ತೂತು ಎಲ್ಲ ಬದಲಾಗಬೇಕು. ಗುಡ್ಡೆಯಿಂದ ಪೇಟೆಗೆ ಹೋಗಿ ಬರುವ ಜೀಪಿಗೆ ಅಷ್ಟೆಲ್ಲ ಯಾಕೆ ಅಂತ ನನ್ನ ಪ್ರಶ್ನೆ.

ಎಲ್ಲಿ ಹುಡುಕುವುದು? ಮೊದಲು ನಿಮ್ಮ ಊರಿನ ಹಳೇ ಜೀಪಿನ ಮೆಕ್ಯಾನಿಕ್, ಅವರಿಗೆ ಯಾರ ಮನೆ ಹಟ್ಟಿಯ ಹಿಂದೆ ಯಾವ ಗಾಡಿ ಮಣ್ಣು ತಿನ್ನುತ್ತಾ ನಿಂತಿದೆ ಅಂತ ಗೊತ್ತಿರುತ್ತದೆ. ಆಮೇಲೆ ಕೊಯಮತ್ತೂರಿನ ಉಕ್ಕಡಂ, ಬೆಂಗಳೂರಿನ ಶಿವಾಜಿನಗರ, ಚೆನ್ನೈಯ ಪುದುಪೇಟೆ. ಕಾಸರಗೋಡಿನಲ್ಲಿ ಸಂಜೆ ರೈಲು ಹತ್ತಿದರೆ ಬೆಳಿಗ್ಗೆ ಚೆನ್ನೈ, ಖುದ್ದು ಹೋಗಿ ನೋಡುವುದೇ ಒಳ್ಳೆಯದು.

ಹೋದಲ್ಲಿ ಮೇಲಿನ ಮುಚ್ಚಳ ಬಿಚ್ಚಿಸಿ. ಬಿಚ್ಚಲು ಒಪ್ಪದಿದ್ದರೆ ಚಾ ಕುಡಿದು ವಾಪಸ್ ಬನ್ನಿ. ಇನ್‌ಪುಟ್ ಶಾಫ್ಟನ್ನು ಕೈಯಲ್ಲಿ ತಿರುಗಿಸುತ್ತಾ ಒಂದೊಂದೇ ಗೇರ್ ಹಾಕಿಸಿ, ಪ್ರತಿ ಹಲ್ಲಿನ ಅಂಚು ನೋಡಿ. ಗೇರ್ ಕಚ್ಚುವ ಚಿಕ್ಕ ಹಲ್ಲುಗಳು ಚೂಪು ಹೋಗಿ ಗುಂಡಾಗಿದ್ದರೆ ಏರಿನಲ್ಲಿ ಗೇರ್ ಜಿಗಿಯುತ್ತದೆ. ಎಣ್ಣೆಯಲ್ಲಿ ಹಳದಿ ಮಿನುಗು ಜಾಸ್ತಿ ಕಂಡರೆ ಗೇರ್ ಸಲೀಸಾಗಿ ಬೀಳಿಸುವ ಸಿಂಕ್ರೊ ರಿಂಗಿನ ಹಿತ್ತಾಳೆ ಸವೆದಿದೆ. ಎಣ್ಣೆ ಹಾಲಿನ ಹಾಗಿದ್ದರೆ ನೀರು ಹೊಕ್ಕಿದೆ. 2018ರ ಪ್ರಳಯದಲ್ಲಿ ಕೇರಳದಲ್ಲಿ ಎಷ್ಟು ಗಾಡಿ ಮುಳುಗಿದವು ಅಂತ ನೆನಪಿದೆಯಲ್ಲ, ಬೇರಿಂಗಿನ ತುಕ್ಕು ನೋಡದೆ ಬರಬೇಡಿ. ಆರ್‌ಸಿಯಲ್ಲಿ ಚಾಸಿ ನಂಬರ್, ಎಂಜಿನ್ ನಂಬರ್ ಇರುತ್ತದೆ, ಗೇರ್‌ಬಾಕ್ಸಿನದ್ದು ಇರುವುದಿಲ್ಲ. ಆದರೂ ಬಿಲ್ ಕೇಳಿ, ಕದ್ದ ಗಾಡಿಯ ಮಾಲು ನಮಗೆ ಬೇಡ.

[ದೃಶ್ಯ: ಖಾಲಿ ಚಿಪ್ಪಿನೊಳಗೆ ಟಾರ್ಚ್ ಬೆಳಕು.]

ಮಾವನ ಬಾಕ್ಸ್ ಏನಾಯಿತು? ಇಚ್ಚ ಎರಡನ್ನೂ ಬಿಚ್ಚಿದರು. ನಮ್ಮ ಮೇನ್ ಶಾಫ್ಟ್ ಚೆನ್ನಾಗಿಯೇ ಇತ್ತು. ಬಂದದ್ದರ ಲೇ ಶಾಫ್ಟ್ ಹೊಸದರ ಹಾಗಿತ್ತು, ಹಲ್ಲು ಎಣಿಸಿದರೆ ಲೆಕ್ಕವೂ ಒಂದೇ. ಇನ್‌ಪುಟ್ ಗೇರನ್ನೂ ಅದರ ಜೊತೆಗೇ ತೆಗೆದು ನಮ್ಮ ಬಾಕ್ಸಿಗೆ ಹಾಕಿದರು, ಆ ಎರಡು ಯಾವಾಗಲೂ ಕಚ್ಚಿಕೊಂಡೇ ತಿರುಗುವುದರಿಂದ ಜೋಡಿ ಒಡೆಯಬಾರದು. ಬೇರಿಂಗ್, ಸೀಲ್ ಎಲ್ಲ ಹೊಸದು. ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ನಡುವಿನ ಸೀಲನ್ನು ಮಾತ್ರ ಮರೆಯಬೇಡಿ, ಅದು ಸೋತರೆ ಒಂದರ ಎಣ್ಣೆ ಇನ್ನೊಂದಕ್ಕೆ ಇಳಿದು ಒಂದು ಒಣಗುತ್ತದೆ.

ಗೇರ್ ಎಣ್ಣೆಯ ದರ್ಜೆಗಳಲ್ಲಿ ಜಿಎಲ್-4 ಹಾಕಿಸಿದೆವು. ಜಿಎಲ್-5ರಲ್ಲಿ ಕೆಲವು ಹಿತ್ತಾಳೆ ರಿಂಗಿಗೆ ಆಗುವುದಿಲ್ಲ ಅಂತ ಇಚ್ಚ ಅದನ್ನು ಮುಟ್ಟುವುದೇ ಇಲ್ಲ. ಐನೂರು ಕಿಲೋಮೀಟರ್ ಓಡಿದ ಮೇಲೆ ಎಣ್ಣೆ ಇಳಿಸಿ ಅಯಸ್ಕಾಂತ ಆಡಿಸಿದೆವು. ಬಂದದ್ದು ಬೂದು ಬಣ್ಣದ ತೆಳು ಕೆಸರು ಅಷ್ಟೇ, ಒಂದು ಚೂರೂ ಇರಲಿಲ್ಲ.