ಕೆಲಸವಿಲ್ಲದ ಮಕ್ಕಳು, ಕಾಯುವ ಮನೆ

ಕೇಳುಗರೆಲ್ಲರಿಗೂ ನಮಸ್ಕಾರ.

ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಕೋಣೆ ಹಿಡಿದು ಸರ್ಕಾರಿ ಕೆಲಸದ ಪರೀಕ್ಷೆಗೆಂದು ವರ್ಷಗಟ್ಟಲೆ ಓದಿ, ದುಡ್ಡು ಮುಗಿದು ಊರಿಗೆ ಮರಳಿದ ಮಕ್ಕಳು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಇವತ್ತಿನ ಮಾತು ಅವರದ್ದು, ಅವರ ಮನೆಯವರದ್ದು.

ಪರೀಕ್ಷೆಗಿಂತ ಊಟದ ಹೊತ್ತೇ ಕಷ್ಟ ಅನ್ನುತ್ತಾರೆ ಈ ಮಕ್ಕಳು. ಎಲ್ಲರೂ ಉಂಡೆದ್ದ ಮೇಲೆ ಅಡುಗೆಮನೆಗೆ ಹೋಗಿ ತಾವೇ ಬಡಿಸಿಕೊಳ್ಳುತ್ತಾರೆ. ಇನ್ನೊಂದು ರೊಟ್ಟಿ ಬೇಕೆನಿಸಿದರೂ ಕೈ ಹಿಂದೆ ಸರಿಯುತ್ತದೆ. ಅಪ್ಪ ಬಾಯಿಬಿಟ್ಟು ಏನೂ ಅಂದಿರುವುದಿಲ್ಲ. ಉದ್ಯೋಗದ ಜಾಹೀರಾತು ಮೇಲೆ ಬರುವ ಹಾಗೆ ಪೇಪರ್ ಮಡಚಿ ಮಂಚದ ಮೇಲಿಟ್ಟು ಹೋಗಿರುತ್ತಾರೆ. ಮದುವೆ, ಗೃಹಪ್ರವೇಶ ಬಂದರೆ ‘ನೀವು ಹೋಗಿಬನ್ನಿ, ನಾನು ಮನೆ ನೋಡಿಕೊಳ್ಳುತ್ತೇನೆ’ ಎಂಬ ನೆಪ. ಹೆಣ್ಣುಮಕ್ಕಳಿಗೆ ಆ ನೆಪವೂ ಉಳಿಯುವುದಿಲ್ಲ. ‘ಓದಿದ್ದು ಸಾಕು, ಗಂಡು ನೋಡೋಣ’ ಅನ್ನುವುದರೊಂದಿಗೆ ಅವರ ಪ್ರಯತ್ನವೇ ಮುಗಿದುಹೋಗುತ್ತದೆ.

‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಅನ್ನುತ್ತಾರೆ ಹಿರಿಯರು. ಈ ಮಕ್ಕಳು ಕೂತಿಲ್ಲ, ಕಾಯುತ್ತಿದ್ದಾರೆ. ಪಿಎಸ್‌ಐ, ಅಂದರೆ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ನೇಮಕಾತಿಯನ್ನೇ ನೋಡಿ. 545 ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಬರೆದವರ ಎರಡು ವರ್ಷಕ್ಕೂ ಹೆಚ್ಚು ಕಾಲ ಯಾರದೋ ತಪ್ಪಿಗೆ ಹೋಯಿತು. ಆಮೇಲೆ, ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಅವುಗಳೊಳಗೇ ಹಂಚುವ ಒಳಮೀಸಲಾತಿ ತೀರ್ಮಾನವಾಗುವ ತನಕ ಹೊಸ ನೇಮಕಾತಿ ಅಧಿಸೂಚನೆ ಬೇಡವೆಂದು 2024ರ ಅಕ್ಟೋಬರ್ ಕೊನೆಯಲ್ಲಿ ಸಚಿವ ಸಂಪುಟ ನಿರ್ಧರಿಸಿತು. ಅದಕ್ಕಾಗಿ ನೇಮಿಸಿದ ಆಯೋಗದ ವರದಿ ಸರ್ಕಾರದ ಕೈಸೇರುವ ಹೊತ್ತಿಗೆ 2025ರ ಆಗಸ್ಟ್. ಆ ತೀರ್ಮಾನ ಅಗತ್ಯವೇ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟೂ ತಿಂಗಳು ಮನೆಯಲ್ಲಿ ‘ಏನಾಯ್ತಪ್ಪಾ ನಿನ್ನ ಕೆಲಸದ್ದು?’ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಈ ಮಕ್ಕಳು.

ಮಕ್ಕಳೇ, ಈ ತಾರೀಖುಗಳೆಲ್ಲ ನಿಮಗೆ ಬಾಯಿಪಾಠ. ನಿಮ್ಮ ಅಪ್ಪ ಅಮ್ಮನಿಗೆ ಗೊತ್ತಿರುವುದು ಮಗ ಇನ್ನೂ ಮನೆಯಲ್ಲಿದ್ದಾನೆ ಎಂಬುದೊಂದೇ. ಆದ್ದರಿಂದ ಊಟದ ಹೊತ್ತು ಬಿಟ್ಟು, ಜಗಳದ ಹೊತ್ತು ಬಿಟ್ಟು, ಒಂದು ದಿನ ಹಾಳೆ ಹಿಡಿದು ಅವರೊಂದಿಗೆ ಕೂತುಕೊಳ್ಳಿ. ಯಾವ ಪರೀಕ್ಷೆ ಬರೆದಾಗಿದೆ, ಯಾವುದರ ಫಲಿತಾಂಶ ಬರಬೇಕು, ವಯೋಮಿತಿ ಎಲ್ಲಿಯವರೆಗೆ ಇದೆ ಎಲ್ಲ ಬರೆದು ತೋರಿಸಿ. ಇಂಥ ತಿಂಗಳವರೆಗೆ ಓದುತ್ತೇನೆ, ಅಲ್ಲಿಗೂ ಆಗದಿದ್ದರೆ ಇಂಥ ಕೆಲಸಕ್ಕೆ ಸೇರುತ್ತೇನೆ ಎಂದು ನೀವೇ ಮೊದಲು ಹೇಳಿ. ಇದು ಸುಲಭವಲ್ಲ, ದನಿ ನಡುಗಬಹುದು. ಆದರೂ ಗಡುವು ನಿಮ್ಮ ಬಾಯಿಂದಲೇ ಬಂದರೆ ದಿನಾ ಕೇಳುವ ಅಗತ್ಯ ಅವರಿಗೂ ಕಡಿಮೆಯಾಗುತ್ತದೆ. ನೆಂಟರಿಗೆ ಏನು ಹೇಳಬೇಕೆಂಬುದನ್ನೂ ಆಗಲೇ ಅಮ್ಮನ ಜೊತೆ ಮಾತಾಡಿಕೊಳ್ಳಿ. ‘ಪರೀಕ್ಷೆ ಬರೆದಿದ್ದಾನೆ, ಫಲಿತಾಂಶ ಬರಬೇಕು’, ಅಷ್ಟು ಸಾಕು. ಚಿಕ್ಕಪ್ಪನಿಗೆ ವಿವರಣೆ ಕೊಡುವ ಋಣ ನಿಮ್ಮ ಮೇಲಿಲ್ಲ.

ಇನ್ನು ಮನೆಗೆಲಸ. ‘ಹೇಗೂ ಖಾಲಿ ಇದ್ದೀಯಲ್ಲ’ ಎಂದು ರೇಷನ್ನು, ಕರೆಂಟ್ ಬಿಲ್ಲು, ಅಜ್ಜಿಯ ಆಸ್ಪತ್ರೆ ಎಲ್ಲವೂ ನಿಮ್ಮ ಪಾಲಿಗೆ ಬರುತ್ತವೆ. ಮಾಡಿ, ಸಂತೋಷದಿಂದಲೇ ಮಾಡಿ. ಆದರೆ ಓದುವ ಹೊತ್ತು ಯಾವುದೆಂದು ಹೇಳಿಟ್ಟು ಮಾಡಿ. ದಿನಕ್ಕೊಂದು ವೇಳಾಕ್ರಮ ಇಲ್ಲದಿದ್ದರೆ ಏನಾಗುತ್ತದೆಂದು ಆಸ್ಟ್ರಿಯಾದ ಮರಿಯೆಂಟಾಲ್ ಎಂಬ ಹಳ್ಳಿ ತೋರಿಸಿಕೊಟ್ಟಿದೆ. ಅಲ್ಲಿನ ಬಟ್ಟೆ ಗಿರಣಿ ಮುಚ್ಚಿ ಹೆಚ್ಚುಕಡಿಮೆ ಇಡೀ ಊರೇ ಕೆಲಸ ಕಳೆದುಕೊಂಡಿತು. ಸಮಾಜ ಮನೋವಿಜ್ಞಾನಿ ಮರಿ ಯಹೋಡ ಮತ್ತು ಸಂಗಡಿಗರು ಅಲ್ಲಿಗೆ ಹೋಗಿ ಅಧ್ಯಯನ ಮಾಡಿ, 1933ರಲ್ಲಿ ಅದನ್ನು ಪ್ರಕಟಿಸಿದರು. ಜನರಿಗೆ ಬೇಕಾದಷ್ಟು ಬಿಡುವಿತ್ತು, ಗ್ರಂಥಾಲಯದ ಶುಲ್ಕವನ್ನೂ ತೆಗೆದುಹಾಕಿದ್ದರು. ಆದರೂ ಪುಸ್ತಕ ಒಯ್ಯುವುದು ಸುಮಾರು ಅರ್ಧಕ್ಕೆ ಇಳಿದಿತ್ತು. ಗಂಡಸರ ನಡಿಗೆಯೇ ನಿಧಾನವಾಗಿತ್ತು. ಅವರು ಸೋಮಾರಿಗಳಾಗಿರಲಿಲ್ಲ, ಅದೇ ಗಿರಣಿಯಲ್ಲಿ ದುಡಿದವರು. ನಿಮ್ಮ ಮಗ ಮಧ್ಯಾಹ್ನದವರೆಗೆ ಮಲಗಿದ್ದರೆ, ತಂದೆತಾಯಂದಿರೇ, ಬೈಯುವ ಮುಂಚೆ ಆ ಹಳ್ಳಿಯನ್ನು ನೆನೆಸಿಕೊಳ್ಳಿ.

ಪಕ್ಕದ ಮನೆಯವನ ಸಂಬಳದ ಮಾತು ದಯವಿಟ್ಟು ಬೇಡ. ಅರ್ಜಿ ಶುಲ್ಕಕ್ಕೆ, ಫೋನ್ ರೀಚಾರ್ಜಿಗೆ ಮಗಳು ಪ್ರತಿಸಲ ಕೈಯೊಡ್ಡುವ ಹಾಗೆ ಮಾಡಬೇಡಿ. ತಿಂಗಳಿಗಿಷ್ಟು ಎಂದು ಗೊತ್ತುಮಾಡಿ ಒಮ್ಮೆಲೇ ಕೊಟ್ಟುಬಿಡಿ, ಕಡಿಮೆಯಾದರೂ ನಡೆದೀತು.

ನಿದ್ದೆ ಬಾರದಿದ್ದರೆ, ಯಾರ ಮುಖವನ್ನೂ ನೋಡಬೇಕೆನಿಸದಿದ್ದರೆ, ಬದುಕೇ ಬೇಡವೆನಿಸಿದರೆ 14416ಕ್ಕೆ ಕರೆಮಾಡಿ. ಇದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಜೊತೆ ಹೇಗೆ ಮಾತಾಡಬೇಕೆಂದು ತೋಚದ ತಂದೆತಾಯಂದಿರೂ ಕರೆಮಾಡಬಹುದು. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: ಒಂದು ನಾಲ್ಕು ನಾಲ್ಕು ಒಂದು ಆರು.

ನಮಸ್ಕಾರ.